ಹುಲ್ಲನ್ನು ಹೊಲಕ್ಕೆ ಹಿಂದಿರುಗಿಸುವ ಸರದಿ: ಪೈರು ಹಳದಿಯಾಗದಂತೆ ಮಣ್ಣಿನ ಇಂಗಾಲ ಹೆಚ್ಚಿಸುವ ಸಮಗ್ರ ಮಾರ್ಗದರ್ಶಿ

ಹುಲ್ಲು ಸುಡುವುದನ್ನು ಬಿಟ್ಟು ಮಣ್ಣಿಗೆ ಸೇರಿಸಲು ಹೊರಟವರಲ್ಲಿ ಹೆಚ್ಚಿನವರು ಎಡವುವುದು ಒಂದೇ ಜಾಗದಲ್ಲಿ. ಕಟಾವಾದ ಮೇಲೆ ಹುಲ್ಲು ವಾರಗಟ್ಟಲೆ ಬಿಸಿಲಿಗೆ ಬಿದ್ದಿರುತ್ತದೆ. ಬಿತ್ತನೆ ಹತ್ತಿರ ಬಂದಾಗ ಗಡಿಬಿಡಿಯಲ್ಲಿ ಉತ್ತು ಮುಚ್ಚುತ್ತಾರೆ, ಮೂರನೆಯ ದಿನ ಬೀಜ ಹಾಕುತ್ತಾರೆ. ಮೂರು ವಾರ ಕಳೆಯುವಷ್ಟರಲ್ಲಿ ಪೈರು ಹಳದಿ. ಹುಲ್ಲು ಸೇರಿಸಿದ್ದೇ ತಪ್ಪಾಯಿತೆಂದು ಮುಂದಿನ ಸಲ ಮತ್ತೆ ಬೆಂಕಿಪೊಟ್ಟಣ ಕೈಗೆ ಬರುತ್ತದೆ. ಇಲ್ಲಿ ಕೆಟ್ಟದ್ದು ಕೆಲಸದ ಸರದಿಯೇ ಹೊರತು ಹುಲ್ಲಲ್ಲ. ಯಾವ ಕೆಲಸ ಮೊದಲು, ಯಾವುದು ಆಮೇಲೆ, ನಡುವೆ ಎಷ್ಟು ದಿನ ಎಂಬುದನ್ನೇ ಇಲ್ಲಿ ಬಿಡಿಸಿ ಹೇಳುತ್ತೇನೆ.

## ಕೆಲಸಕ್ಕೆ ಇಳಿಯುವ ಮೊದಲು ಒಂದು ಲೆಕ್ಕ

ಒಣಹುಲ್ಲಿನ ತೂಕದಲ್ಲಿ ಸುಮಾರು ಶೇ 40ರಷ್ಟು ಇಂಗಾಲವೇ. ಸಾರಜನಕ ಮಾತ್ರ ತೀರಾ ಕಡಿಮೆ. ಭತ್ತದ ಹುಲ್ಲಿನಲ್ಲಿ ಒಂದು ಪಾಲು ಸಾರಜನಕಕ್ಕೆ 60ರಿಂದ 80 ಪಾಲು ಇಂಗಾಲವಿದ್ದರೆ, ಗೋಧಿ ಹುಲ್ಲಿನಲ್ಲಿ 80ರಿಂದ 100 ಪಾಲು ಇರುತ್ತದೆ. ಇದನ್ನು ಕೊಳೆಸುವ ಸೂಕ್ಷ್ಮಜೀವಿಗಳಿಗೆ ಒಗ್ಗುವ ಆಹಾರ 25ಕ್ಕೆ 1ರ ಆಸುಪಾಸಿನದು. ಕೊರತೆ ಬಿದ್ದ ಸಾರಜನಕವನ್ನು ಅವು ಮಣ್ಣಿನಿಂದ ಕೈಗಡ ಪಡೆಯುತ್ತವೆ. ತೀರಿಸುವುದೂ ಉಂಟು, ಆದರೆ ಹುಲ್ಲು ಕರಗಿ ಅವು ಸಾಯತೊಡಗಿದ ಮೇಲೆ. ನಡುವಿನ ಮೂರರಿಂದ ಆರು ವಾರಗಳಲ್ಲಿ ಪೈರು ಬೇರು ಇಳಿಸುತ್ತಿದ್ದರೆ ಅದಕ್ಕೆ ಉಪವಾಸವೇ ಗತಿ.

ಮುಂದಿನ ಎಲ್ಲ ಹಂತಗಳ ಉದ್ದೇಶ ಎರಡೇ: ಆ ಉಪವಾಸದ ಅವಧಿ ಬಿತ್ತನೆಗೆ ಮುಂಚೆಯೇ ಮುಗಿಯಬೇಕು, ಮುಗಿಯದಿದ್ದರೆ ಕೈಗಡವನ್ನು ನಾವೇ ಮುಂಗಡವಾಗಿ ಕೊಟ್ಟಿರಬೇಕು. ಹಸಿರಿರುವಾಗಲೇ ಮಣ್ಣಿಗೆ ಸೇರಿಸಿದ ದ್ವಿದಳ ಬೆಳೆಗಳಲ್ಲಿ ಈ ತೊಂದರೆ ಬಹುಮಟ್ಟಿಗೆ ಇಲ್ಲ. ಭತ್ತ, ಗೋಧಿ, ಜೋಳ, ಮೆಕ್ಕೆಜೋಳ, ರಾಗಿಯ ಹುಲ್ಲು ಮತ್ತು ದಂಟಿಗೆ ಮಾತ್ರ ಈ ಎಚ್ಚರ ಬೇಕು.

## ಬೇಕಾದ ಸಲಕರಣೆ

ಹುಲ್ಲನ್ನು ಕತ್ತರಿಸಲು ಟ್ರ್ಯಾಕ್ಟರ್‌ಗೆ ಜೋಡಿಸುವ ಮಲ್ಚರ್ ಬೇಕು. ಕಟಾವು ಯಂತ್ರದ ಹಿಂಬದಿಗೆ ಹುಲ್ಲು ಕತ್ತರಿಸಿ ಹರಡುವ ಸಾಧನ ಅಳವಡಿಸಿದ್ದರೆ ಅದೇ ಸಾಕು, ಕೆಲಸ ಅರ್ಧಕ್ಕೆ ಇಳಿಯುತ್ತದೆ. ಮಣ್ಣಿಗೆ ಬೆರೆಸಲು ಡಿಸ್ಕ್ ಹ್ಯಾರೋ ಅಥವಾ ರೋಟವೇಟರ್. ಹುಲ್ಲನ್ನು ಮೇಲೆಯೇ ಹೊದಿಕೆಯಾಗಿ ಬಿಡುವವರಿಗೆ ಹ್ಯಾಪಿ ಸೀಡರ್‌ನಂತಹ, ಹುಲ್ಲಿನ ನಡುವೆ ಬಿತ್ತುವ ಕೂರಿಗೆ ಅನಿವಾರ್ಯ. ಇವುಗಳ ಜೊತೆಗೆ ಒಂದು ಮೀಟರ್ ಉದ್ದಗಲದ ಮರದ ಚೌಕಟ್ಟು, ತಕ್ಕಡಿ, ನೈಲಾನ್ ಬಲೆಯ ಎಂಟು ಹತ್ತು ಸಣ್ಣ ಚೀಲಗಳು ಮತ್ತು ಗುದ್ದಲಿ ಇರಲಿ. ಕೊನೆಯ ನಾಲ್ಕನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಕೆಲಸ ಕೆಡುತ್ತಿದೆಯೇ ಎಂದು ಮೊದಲು ತಿಳಿಯುವುದು ಅವುಗಳಿಂದಲೇ.

## ಹಂತ 1: ಯಾವ ಹುಲ್ಲು, ಎಷ್ಟು ಹುಲ್ಲು ಎಂದು ನಿರ್ಧರಿಸಿ

ಈ ನಿರ್ಧಾರ ಬೆಳೆ ನಿಂತಿರುವಾಗಲೇ ಆಗಬೇಕು. ಭತ್ತದಲ್ಲಿ ಕಾಳಿನ ತೂಕದಷ್ಟೇ, ಕೆಲವೊಮ್ಮೆ ಅದರ ಒಂದೂವರೆ ಪಟ್ಟು ಹುಲ್ಲು ಇರುತ್ತದೆ. ಎಕರೆಗೆ 2 ಟನ್ ಭತ್ತ ಬಂದ ಗದ್ದೆಯಲ್ಲಿ 2ರಿಂದ 3 ಟನ್ ಹುಲ್ಲು ಇದೆಯೆಂದು ಹಿಡಿಯಿರಿ. ಮೊದಲ ವರ್ಷ ಅಷ್ಟನ್ನೂ ಸೇರಿಸುವ ಹಟ ಬೇಡ. ಎಕರೆಗೆ 2 ಟನ್‌ಗಿಂತ ಹೆಚ್ಚಾದದ್ದನ್ನು ಮೇವಿಗೋ ಕಾಂಪೋಸ್ಟಿಗೋ ಎತ್ತಿಡಿ. ದನ ತಿಂದ ಹುಲ್ಲು ಸಗಣಿಯಾಗಿ ಅದೇ ಹೊಲಕ್ಕೆ ಬಂದರೂ ಅದು ಮಣ್ಣಿಗೆ ಹಿಂದಿರುಗಿದಂತೆಯೇ.

ರೋಗ ಹೊತ್ತ ಹುಲ್ಲನ್ನು ಅದೇ ಹೊಲದಲ್ಲಿ ಹೂಳಬೇಡಿ. ಭತ್ತದ ಎಲೆಕವಚ ಅಂಗಮಾರಿಯ ಶಿಲೀಂಧ್ರ ಸಾಸಿವೆ ಕಾಳಿನಂತಹ ಗಡ್ಡೆಗಳಾಗಿ ಹುಲ್ಲಿನಲ್ಲೂ ಮಣ್ಣಿನಲ್ಲೂ ಉಳಿದು ಮುಂದಿನ ಬೆಳೆಗೆ ಹತ್ತುತ್ತದೆ. ಕಾಂಡಕೊರಕದ ಹುಳು ಕೂಳೆಯೊಳಗೆ ಅಡಗಿರುತ್ತದೆ. ಮೆಕ್ಕೆಜೋಳದ ದಂಟು ಮೇಲೆಯೇ ಉಳಿದ ಹೊಲದಲ್ಲಿ ಗೋಧಿ ಬಿತ್ತಿದರೆ ತೆನೆಗೆ ಬರುವ ಫ್ಯುಸೇರಿಯಂ ರೋಗ ಹೆಚ್ಚುತ್ತದೆ. ರೋಗದ ಹುಲ್ಲನ್ನು ಹೊರಗೊಯ್ದು ರಾಶಿ ಹಾಕಿ, ರಾಶಿಯ ಒಳಗಿನ ಬಿಸಿ ಕೆಲವು ದಿನ 55 ಡಿಗ್ರಿ ಸೆಲ್ಸಿಯಸ್ ದಾಟುವಂತೆ ತಿರುವಿ ಹಾಕುತ್ತ ಕೊಳೆಸಿ. ಬೀಜ ಕಟ್ಟಿದ ಕಳೆಗಳಿದ್ದ ಹುಲ್ಲಿಗೂ ಇದೇ ದಾರಿ.

## ಹಂತ 2: ಕಟಾವಿನ ದಿನವೇ ಕತ್ತರಿಸಿ, ಸಮನಾಗಿ ಹರಡಿ

ಅರ್ಧ ಸೋಲು ನಡೆಯುವುದು ಇಲ್ಲಿಯೇ. ಕಟಾವು ಯಂತ್ರ ಹಾದುಹೋದ ದಾರಿಯಲ್ಲಿ ಹುಲ್ಲು ಸಾಲುಸಾಲಾಗಿ ದಿಂಡಿನಂತೆ ಬೀಳುತ್ತದೆ. ಆ ಪಟ್ಟಿಯಲ್ಲಿ ಎಕರೆಗೆ 5 ಟನ್‌ನ ಲೆಕ್ಕ ಬಿದ್ದಿದ್ದರೆ ಪಕ್ಕದ ಪಟ್ಟಿ ಬೋಳು. ಅದನ್ನೇ ಉತ್ತು ಮುಚ್ಚಿದರೆ ಪೈರು ಪಟ್ಟಿಪಟ್ಟಿಯಾಗಿ ಹಳದಿ, ಹಸಿರು, ಹಳದಿ ಎಂದು ಏಳುತ್ತದೆ. ಹಳದಿ ಪಟ್ಟಿಯ ಅಗಲ ಕಟಾವು ಯಂತ್ರ ಹುಲ್ಲು ಉದುರಿಸಿದ ಸಾಲಿಗೆ ಸರಿಹೋದರೆ ರೋಗವೆಂದು ಔಷಧ ಸಿಂಪಡಿಸಲು ಓಡಬೇಡಿ.

ತುಂಡುಗಳು 5ರಿಂದ 10 ಸೆಂಟಿಮೀಟರ್ ಇರಲಿ. ಇನ್ನೂ ಉದ್ದವಾದರೆ ರೋಟವೇಟರ್ ಅಲಗಿಗೆ ಸುತ್ತಿಕೊಳ್ಳುತ್ತವೆ, ಕೂರಿಗೆಯ ಕಾಲಿಗೆ ಸಿಕ್ಕಿ ಗುಡ್ಡೆಯಾಗುತ್ತವೆ. ಮೆಕ್ಕೆಜೋಳದ ದಂಟನ್ನು ತುಂಡರಿಸಿದರೆ ಸಾಲದು, ಜಜ್ಜಿ ಸೀಳಬೇಕು. ಅದರ ಹೊರಪದರ ಮೇಣದಂತೆ ಗಟ್ಟಿ. ಸೀಳಿದರೆ ಒಳಗಿನ ಬೆಂಡಿಗೆ ನೀರು ಮತ್ತು ಸೂಕ್ಷ್ಮಜೀವಿ ಎರಡೂ ಇಳಿಯುತ್ತವೆ.

ಹರಡಿದ ಮೇಲೆ ಚೌಕಟ್ಟನ್ನು ಐದು ಕಡೆ ಇಟ್ಟು ಒಳಗಿನ ಹುಲ್ಲನ್ನು ತೂಗಿ. ಎಕರೆಗೆ 2 ಟನ್ ಎಂದರೆ ಚದರ ಮೀಟರಿಗೆ ಸುಮಾರು 500 ಗ್ರಾಂ. ಒಂದು ಕಡೆ 300 ಗ್ರಾಂ, ಇನ್ನೊಂದು ಕಡೆ ಒಂದು ಕಿಲೋ ಬಂದರೆ ಮುಂದಿನ ಹಂತಕ್ಕೆ ಹೋಗದೆ ಕವೆಗೋಲು ಹಿಡಿದು ಹರಡಿ. ಮಣ್ಣಿನೊಳಗೆ ಸೇರಿದ ಮೇಲೆ ಈ ತಪ್ಪನ್ನು ತಿದ್ದಲಾಗದು.

## ಹಂತ 3: ಹೂಳುವುದೋ, ಹೊದಿಸುವುದೋ

ಎರಡಕ್ಕೂ ಅದರದರ ನೆಲೆಯಿದೆ. ನೀರಾವರಿ ಇದ್ದು, ಮುಂದಿನ ಬೆಳೆಗೆ ಕನಿಷ್ಠ ಮೂರು ವಾರ ಬಿಡುವು ಸಿಗುವಲ್ಲಿ ಮಣ್ಣಿಗೆ ಬೆರೆಸಬಹುದು. ಮಳೆಯನ್ನೇ ನಂಬಿದ ಹೊಲ, ಇಳಿಜಾರು, ಬೇಗ ಒಣಗುವ ಮರಳು ಮಣ್ಣು, ಬಿಡುವೇ ಇಲ್ಲದ ಬಿತ್ತನೆ, ಇಂಥಲ್ಲೆಲ್ಲ ಹೊದಿಕೆಯೇ ಮೇಲು. ಒಣಮಣ್ಣಿನಲ್ಲಿ ಹೂತ ಹುಲ್ಲು ಕೊಳೆಯುವುದಿಲ್ಲ, ಅಲ್ಲಲ್ಲಿ ಟೊಳ್ಳು ಮಾಡಿ ಇದ್ದ ಹದವನ್ನೂ ಆರಿಸುತ್ತದೆ.

ತಕ್ಕ ಕೂರಿಗೆ ಸಿಗುವುದಾದರೆ ನಾನು ಹೊದಿಕೆಯನ್ನೇ ಆರಿಸುತ್ತೇನೆ. ಪದೇ ಪದೇ ಉತ್ತಾಗ ಮಣ್ಣಿನ ಹೆಂಟೆಗಳೊಳಗೆ ಭದ್ರವಾಗಿದ್ದ ಹಳೆಯ ಇಂಗಾಲ ಗಾಳಿಗೆ ತೆರೆದುಕೊಂಡು ಕರಗುತ್ತದೆ. ಇಂಗಾಲ ಸೇರಿಸಲು ಹೋಗಿ ಇದ್ದದ್ದನ್ನೂ ಕಳೆದಂತಾಗುತ್ತದೆ. ಆದರೆ ಚಳಿ ಪ್ರದೇಶದ ತಣ್ಣನೆಯ ಮಣ್ಣಿನಲ್ಲಿ ದಪ್ಪ ಹೊದಿಕೆ ಮೊಳಕೆಯನ್ನು ತಡಮಾಡುತ್ತದೆ. ಅಲ್ಲಿ ಬೀಜದ ಸಾಲಿನಿಂದ ಒಂದು ಗೇಣು ಅಗಲದಷ್ಟು ಹುಲ್ಲನ್ನು ಪಕ್ಕಕ್ಕೆ ಸರಿಸಬೇಕು.

ಹೊದಿಕೆ ಆರಿಸಿದವರು ನೇರವಾಗಿ ಹಂತ 7ಕ್ಕೆ ಹೋಗಬಹುದು.

## ಹಂತ 4: ಮೊದಲು ಹದ, ಆಮೇಲೆ ಉಳುಮೆ

ಹುಲ್ಲು ಕೊಳೆಯಲು ಬೇಕಾದದ್ದು ತೇವ, ಬಿಸಿ, ಗಾಳಿ, ಸಾರಜನಕ ಮತ್ತು ಮಣ್ಣಿನ ಸ್ಪರ್ಶ. ಇವುಗಳಲ್ಲಿ ತೇವವೇ ಮೊದಲು. ಒಣಗಿ ಗರಗರ ಎನ್ನುವ ಮಣ್ಣಿಗೆ ಹುಲ್ಲು ಸೇರಿಸಿ, ಮಳೆ ಬಂದಾಗ ಕೊಳೆಯಲಿ ಎಂದು ಕಾದರೆ ಕೊಳೆಯುವಿಕೆ ಶುರುವಾಗುವುದು ಮಳೆಯ ದಿನದಿಂದ. ನೀವು ಉತ್ತ ದಿನದಿಂದಲ್ಲ. ದಿನ ಎಣಿಸುವಾಗ ಬಹಳ ಜನ ತಪ್ಪುವುದು ಇಲ್ಲಿಯೇ.

ಹರಡಿದ ಹುಲ್ಲಿನ ಮೇಲೆ ತೆಳುವಾಗಿ ನೀರು ಹಾಯಿಸಿ, ಎರಡು ಮೂರು ದಿನ ಬಿಡಿ. ಹತ್ತು ಸೆಂಟಿಮೀಟರ್ ಆಳದ ಮಣ್ಣನ್ನು ಮುಷ್ಟಿಯಲ್ಲಿ ಹಿಸುಕಿ. ಉಂಡೆ ಕಟ್ಟಬೇಕು, ನೀರು ಜಿನುಗಬಾರದು, ಹೆಬ್ಬೆರಳಿನಿಂದ ಒತ್ತಿದರೆ ಬಿರಿಯಬೇಕು. ಅದೇ ಹದ. ಕೆಸರಾಗಿದ್ದಾಗ ರೋಟವೇಟರ್ ಇಳಿಸಿದರೆ ಹುಲ್ಲಿನ ಸುತ್ತ ಮಣ್ಣು ಗಿಲಾಯಿ ಮಾಡಿದಂತೆ ಮೆತ್ತಿ ಗಾಳಿ ನಿಲ್ಲುತ್ತದೆ.

## ಹಂತ 5: ಸಾರಜನಕದ ಮುಂಗಡ

ಎಕರೆಗೆ 2 ಟನ್ ಧಾನ್ಯದ ಹುಲ್ಲಿಗೆ 8ರಿಂದ 10 ಕಿಲೋ ಸಾರಜನಕ ಕೊಡಿ. ಯೂರಿಯಾದಲ್ಲಿ ಶೇ 46 ಸಾರಜನಕವಿರುವುದರಿಂದ ಇದು ಸುಮಾರು 17ರಿಂದ 22 ಕಿಲೋ ಯೂರಿಯಾ. ಇದನ್ನು ಬೆಳೆಯ ಒಟ್ಟು ಲೆಕ್ಕಕ್ಕೆ ಮೇಲೆ ಸುರಿಯುವ ಹೆಚ್ಚುವರಿ ಎಂದುಕೊಳ್ಳಬೇಡಿ. ಬೆಳೆಗೆ ಆಮೇಲೆ ಕೊಡಬೇಕಿದ್ದ ಕಂತಿನ ಒಂದು ಪಾಲನ್ನು ಮುಂಚೆ ಕೊಡುತ್ತಿದ್ದೀರಿ, ಅಷ್ಟೇ. ರಾಸಾಯನಿಕ ಬೇಡವೆನ್ನುವವರು ಸಗಣಿ ಬಗ್ಗಡ, ಕೋಳಿ ಗೊಬ್ಬರ ಅಥವಾ ಹಸಿರೆಲೆ ಸೊಪ್ಪನ್ನು ಹುಲ್ಲಿನೊಂದಿಗೆ ಬೆರೆಸಬಹುದು.

ಯೂರಿಯಾವನ್ನು ಹುಲ್ಲಿನ ಮೇಲೆ ಎರಚಿ ಹಾಗೇ ಬಿಟ್ಟು ಬರಬೇಡಿ. ಹುಲ್ಲಿನ ಮೇಲಿರುವ ಕಿಣ್ವ ಅದನ್ನು ಬೇಗ ಒಡೆದು ಅಮೋನಿಯ ಮಾಡುತ್ತದೆ, ಬಿಸಿಲಿಗೆ ಅದು ಗಾಳಿಪಾಲು. ಎರಚಿದ ದಿನವೇ ಮಣ್ಣಿಗೆ ಬೆರೆಯಬೇಕು.

ಕೊಳೆಸುವ ಶಿಲೀಂಧ್ರದ ದ್ರಾವಣ ಬೇಕೇ ಎಂದು ಎಲ್ಲರೂ ಕೇಳುತ್ತಾರೆ. ಟ್ರೈಕೋಡರ್ಮಾದಂತಹವು ಹುಲ್ಲು ಕೊಳೆಸುವುದು ನಿಜ. ಆದರೆ ಹದವೂ ಸಾರಜನಕವೂ ಇದ್ದ ಮಣ್ಣಿನಲ್ಲಿ ಈ ಕೆಲಸಕ್ಕೆ ಬೇಕಾದ ಜೀವಿಗಳು ಮೊದಲೇ ಇರುತ್ತವೆ. ಅವೆರಡೂ ಇಲ್ಲದ ಒಣಹುಲ್ಲಿನ ಮೇಲೆ ಯಾವ ದ್ರಾವಣ ಸಿಂಪಡಿಸಿದರೂ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

## ಹಂತ 6: ಬೆರೆಸಿ, ಕಾಯಿರಿ

ಆಳ 10ರಿಂದ 15 ಸೆಂಟಿಮೀಟರ್ ಸಾಕು. ರೆಕ್ಕೆ ನೇಗಿಲಿನಿಂದ 25 ಸೆಂಟಿಮೀಟರ್ ಕೆಳಗೆ ಮಗುಚಿ ಹಾಕಿದರೆ ಹುಲ್ಲು ಚಾಪೆಯಂತೆ ಒಂದೇ ಪದರವಾಗಿ ಕೂರುತ್ತದೆ, ಗಾಳಿ ಸಾಲದೆ ತಿಂಗಳುಗಟ್ಟಲೆ ಹಾಗೇ ಉಳಿಯುತ್ತದೆ. ಮರುವರ್ಷ ಉತ್ತಾಗ ಅದೇ ಹುಲ್ಲು ಬಂಗಾರದ ಬಣ್ಣದಲ್ಲೇ ಮೇಲೆ ಬಂದದ್ದನ್ನು ನಾನು ಒಮ್ಮೆ ಕಂಡಿದ್ದೇನೆ. ಆಳಕ್ಕೆ ಹೂತಷ್ಟೂ ಒಳ್ಳೆಯದೆಂದು ಹಾಗೆ ಮಾಡಿದವನೂ ನಾನೇ. ಒಂದು ಸಲ ಉದ್ದಕ್ಕೆ, ಒಂದು ಸಲ ಅಡ್ಡಕ್ಕೆ ಹ್ಯಾರೋ ಓಡಿಸಿದರೆ ಹುಲ್ಲು ಮಣ್ಣಿನೊಂದಿಗೆ ಕಲೆಸಿಕೊಳ್ಳುತ್ತದೆ. ಅದಕ್ಕಿಂತ ಹೆಚ್ಚು ಬೇಡ.

ಇನ್ನು ಕಾಯುವುದು. ಮಣ್ಣು 25ರಿಂದ 35 ಡಿಗ್ರಿಯಿದ್ದು ಹದ ಉಳಿದರೆ ಮೂರರಿಂದ ನಾಲ್ಕು ವಾರ. ತಂಪು ಹೆಚ್ಚಿದಷ್ಟೂ ಅವಧಿ ಹಿಗ್ಗುತ್ತದೆ. 10 ಡಿಗ್ರಿಗಿಂತ ಕೆಳಗೆ ಕೆಲಸ ತೀರಾ ನಿಧಾನವಾಗುತ್ತದೆ. ಹಾಗಾಗಿ ಕ್ಯಾಲೆಂಡರ್ ನೋಡುವುದಕ್ಕಿಂತ ಹುಲ್ಲನ್ನೇ ನೋಡುವುದು ವಾಸಿ. ಅದಕ್ಕೆ ಮೂರು ಪರೀಕ್ಷೆಗಳಿವೆ.

ಒಂದು, ಬಲೆ ಚೀಲ. ಬೆರೆಸುವ ದಿನವೇ ತಲಾ 50 ಗ್ರಾಂ ಕತ್ತರಿಸಿದ ಒಣಹುಲ್ಲನ್ನು ನೈಲಾನ್ ಚೀಲಗಳಲ್ಲಿ ತುಂಬಿ 10 ಸೆಂಟಿಮೀಟರ್ ಆಳದಲ್ಲಿ ಹೂತು, ಗುರುತಿಗೆ ಕಡ್ಡಿ ನೆಡಿ. ಹದಿನೈದು ದಿನಕ್ಕೊಮ್ಮೆ ಎರಡನ್ನು ತೆಗೆದು ಮಣ್ಣು ತೊಳೆದು, ಒಣಗಿಸಿ ತೂಗಿ. ತೂಕ ಇಳಿಯುತ್ತಲೇ ಇದ್ದರೆ ಕೆಲಸ ನಡೆಯುತ್ತಿದೆ. ಎರಡು ಸಲವೂ 50ರ ಹತ್ತಿರವೇ ನಿಂತಿದ್ದರೆ ಹದ ಆರಿದೆ.

ಎರಡು, ಕೈ. ಹುಲ್ಲಿನ ಎಳೆಯ ಎರಡೂ ತುದಿ ಹಿಡಿದು ಎಳೆಯಿರಿ. ಕಂದು ಬಣ್ಣಕ್ಕೆ ತಿರುಗಿ ಸುಲಭವಾಗಿ ಹರಿದರೆ ಸರಿ. ಹಳದಿ ಹೊಳಪು ಉಳಿದು ದಾರದಂತೆ ಬಿಗಿಯಾಗಿದ್ದರೆ ಇನ್ನೂ ಸಮಯ ಬೇಕು.

ಮೂರು, ಮೊಳಕೆ. ಆ ಹೊಲದ ಮಣ್ಣು ತುಂಬಿದ ಒಂದು ಕುಂಡ, ಹುಲ್ಲು ಸೇರಿಸದ ಮಣ್ಣಿನ ಇನ್ನೊಂದು ಕುಂಡ, ಎರಡರಲ್ಲೂ ಇಪ್ಪತ್ತಿಪ್ಪತ್ತು ಬೀಜ ಬಿತ್ತಿ. ಒಂದು ವಾರದಲ್ಲಿ ಎರಡೂ ಸಮನಾಗಿ ಮೊಳೆತರೆ ಹೊಲಕ್ಕೆ ಇಳಿಯಬಹುದು. ಮೊದಲನೆಯದರಲ್ಲಿ ಮೊಳಕೆ ಕಡಿಮೆಯಾದರೆ ಅಥವಾ ಬೇರಿನ ತುದಿ ಕಂದಾದರೆ ಇನ್ನೊಂದು ವಾರ ತಡೆಯಿರಿ.

## ಹಂತ 7: ಬಿತ್ತನೆ

ಹುಲ್ಲು ಬೆರೆತ ಮಣ್ಣು ಸಡಿಲವಾಗಿರುತ್ತದೆ. ಬಿತ್ತಿದ ಮೇಲೆ ಹಲಗೆ ಅಥವಾ ಹಗುರ ರೋಲರ್ ಎಳೆದು ಬೀಜಕ್ಕೆ ಮಣ್ಣು ಅಂಟುವಂತೆ ಮಾಡದಿದ್ದರೆ ಮೊಳಕೆ ತೆಳುವಾಗುತ್ತದೆ. ಅದಕ್ಕೆ ಬೀಜದ ಪ್ರಮಾಣ ಹೆಚ್ಚಿಸುವುದು ಪರಿಹಾರವಲ್ಲ.

ಹೊದಿಕೆಯ ನಡುವೆ ಬಿತ್ತುವವರು ಇನ್ನೊಂದು ಮೋಸವನ್ನು ಗಮನಿಸಬೇಕು. ಬಿಲ್ಲೆಯ ಕೂರಿಗೆ ಹುಲ್ಲನ್ನು ಕತ್ತರಿಸದೆ ಮಡಚಿ ಸಾಲಿನೊಳಕ್ಕೆ ತುರುಕುತ್ತದೆ. ಬೀಜ ಮಣ್ಣಿನ ಬದಲು ಹುಲ್ಲಿನ ಮಡಿಕೆಯಲ್ಲಿ ಕೂತು ಒಣಗುತ್ತದೆ. ಮೇಲಿನಿಂದ ಏನೂ ಕಾಣದು. ನೂರು ಹೆಜ್ಜೆ ಬಿತ್ತಿದ ಮೇಲೆ ಯಂತ್ರ ನಿಲ್ಲಿಸಿ ನಾಲ್ಕಾರು ಕಡೆ ಸಾಲು ಬಗೆದು ನೋಡಿ. ಬೆಳಗಿನ ಇಬ್ಬನಿಗೆ ಹುಲ್ಲು ಮೆತ್ತಗಾಗಿರುವಾಗ ಈ ತೊಂದರೆ ಹೆಚ್ಚು. ಬಿಸಿಲೇರಿ ಹುಲ್ಲು ಗರಿಗರಿಯಾದ ಮೇಲೆ ಬಿತ್ತಿದರೆ ಅಲಗು ಸಲೀಸಾಗಿ ಕತ್ತರಿಸುತ್ತದೆ. ಹೊದಿಕೆಯಿದ್ದಲ್ಲಿ ಯೂರಿಯಾವನ್ನು ಮೇಲೆ ಎರಚದೆ ಬೀಜದ ಸಾಲಿನ ಪಕ್ಕದಲ್ಲಿ, ಮಣ್ಣಿನೊಳಗೆ ಬೀಳಿಸಿ. ಕಳೆ ಮೊಳೆಯುವ ಮುನ್ನ ಸಿಂಪಡಿಸುವ ಕಳೆನಾಶಕವೂ ಹುಲ್ಲಿಗೇ ಅಂಟಿಕೊಂಡು ಮಣ್ಣಿಗೆ ತಲುಪದಿರಬಹುದು.

ಪೊಟ್ಯಾಷ್ ಲೆಕ್ಕವನ್ನು ತಿದ್ದಿಕೊಳ್ಳಿ. ಒಂದು ಟನ್ ಭತ್ತದ ಹುಲ್ಲಿನಲ್ಲಿ 12ರಿಂದ 17 ಕಿಲೋದಷ್ಟು ಪೊಟ್ಯಾಸಿಯಂ ಇರುತ್ತದೆ, ನೀರು ತಾಗಿದರೆ ಬೇಗನೆ ಮಣ್ಣಿಗಿಳಿಯುತ್ತದೆ. ಎರಡು ಮೂರು ಬೆಳೆ ಹುಲ್ಲು ಸೇರಿಸಿದ ಮೇಲೆ ಮಣ್ಣು ಪರೀಕ್ಷೆ ಮಾಡಿಸಿ ಪೊಟ್ಯಾಷ್ ಗೊಬ್ಬರ ಇಳಿಸಬಹುದು. ಸಾರಜನಕದಲ್ಲಿ ಇಂಥ ಉಳಿತಾಯವನ್ನು ಮೊದಲ ವರ್ಷಗಳಲ್ಲಿ ನಿರೀಕ್ಷಿಸಬೇಡಿ.

## ಕೆಸರುಗದ್ದೆಗೆ ಬೇರೆಯೇ ಎಚ್ಚರ

ನೀರು ನಿಂತ ಗದ್ದೆಯಲ್ಲಿ ಹಸಿಹುಲ್ಲು ತುಳಿದರೆ ಗಾಳಿಯಿಲ್ಲದೆ ಕೊಳೆತು ಸಾವಯವ ಆಮ್ಲ, ಹೈಡ್ರೋಜನ್ ಸಲ್ಫೈಡ್ ಮತ್ತು ಮೀಥೇನ್ ಹುಟ್ಟುತ್ತವೆ. ಮೊದಲೆರಡು ನಾಟಿ ಮಾಡಿದ ಸಸಿಯ ಬೇರನ್ನು ಸುಡುತ್ತವೆ. ಮೀಥೇನ್ ವಾತಾವರಣವನ್ನು ಬಿಸಿ ಮಾಡುವುದರಲ್ಲಿ ಇಂಗಾಲದ ಡೈಆಕ್ಸೈಡ್‌ಗಿಂತ ಎಷ್ಟೋ ಪಟ್ಟು ಬಲಶಾಲಿ. ಇಂಗಾಲ ಉಳಿಸಲು ಹೊರಟ ಕೆಲಸವೇ ತಿರುವುಮುರುವಾಗುತ್ತದೆ.

ಆದ್ದರಿಂದ ಭತ್ತದ ಮೇಲೆ ಭತ್ತ ಬೆಳೆಯುವವರು ಕಟಾವಾದ ಎರಡು ಮೂರು ವಾರದೊಳಗೆ, ಮಣ್ಣಿನಲ್ಲಿ ಹದ ಉಳಿದಿರುವಾಗಲೇ, ನೀರು ಕಟ್ಟದೆ 5ರಿಂದ 10 ಸೆಂಟಿಮೀಟರ್ ಆಳಕ್ಕೆ ಒಣ ಉಳುಮೆ ಮಾಡಬೇಕು. ಹುಲ್ಲಿನ ಮೊದಲ ಸುತ್ತಿನ ಕೊಳೆಯುವಿಕೆ ಗಾಳಿಯಲ್ಲೇ ಮುಗಿಯಲಿ. ನೀರು ಬಿಟ್ಟು ಕೆಸರು ಮಾಡುವುದು ಅದಾದ ಮೇಲೆ. ನಾಟಿಯ ಹಿಂದಿನ ವಾರ ಹುಲ್ಲು ತುಳಿಯುವ ಪದ್ಧತಿಯನ್ನು ಬಿಡಲು ಆಗದಿದ್ದರೆ ಆ ಸಲ ಹುಲ್ಲನ್ನು ಬದುವಿನ ಮೇಲೆ ಕಾಂಪೋಸ್ಟ್ ಮಾಡಿ; ಗದ್ದೆಗೆ ಹಾಕಬೇಡಿ.

## ಅಪಾಯದ ಗುರುತುಗಳು, ತಕ್ಷಣದ ಉಪಾಯಗಳು

ಹಳೆಯ ಎಲೆ ತುದಿಯಿಂದ ಹಳದಿಯಾಗುತ್ತ ಹೊಸ ಎಲೆ ಹಸಿರಾಗಿಯೇ ಇದ್ದರೆ ಅದು ಸಾರಜನಕದ ಉಪವಾಸ. ಒಂದು ಹಗುರ ಕಂತು ಮೇಲುಗೊಬ್ಬರ ಕೊಟ್ಟರೆ ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ಚೇತರಿಸುತ್ತದೆ. ಹೊಸ ಎಲೆಯೇ ಮೊದಲು ಬಿಳಿಚಿದರೆ ಕಾರಣ ಬೇರೆ, ಯೂರಿಯಾ ಸುರಿಯಬೇಡಿ.

ಗದ್ದೆಯಲ್ಲಿ ಕಾಲಿಟ್ಟಲ್ಲೆಲ್ಲ ಗುಳ್ಳೆ ಏಳುವುದು, ಕೊಳೆತ ಮೊಟ್ಟೆಯ ವಾಸನೆ, ಕಿತ್ತ ಸಸಿಯ ಬೇರು ಕಪ್ಪಾಗಿರುವುದು, ಇವು ಗಾಳಿ ಸಾಲದ ಗುರುತು. ಗೊಬ್ಬರ ನಿಲ್ಲಿಸಿ, ನೀರು ಬಸಿದು, ಮಣ್ಣಿನ ಮೇಲೆ ಕೂದಲೆಳೆಯ ಬಿರುಕು ಕಾಣುವವರೆಗೆ ಬಿಡಿ. ಬಿಳಿ ಬೇರು ಹೊಸದಾಗಿ ಒಡೆದ ಮೇಲೆ ಮತ್ತೆ ನೀರು ಕಟ್ಟಿ.

ಹೊದಿಕೆಯ ಕೆಳಗೆ ಮಣ್ಣಿನ ಸುರಂಗ ಕಂಡರೆ ಗೆದ್ದಲು, ಬಿಲ ಕಂಡರೆ ಇಲಿ. ಎರಡೂ ಹೆಚ್ಚುವುದು ಹುಲ್ಲು ಗುಡ್ಡೆಯಾಗಿ ಬಿದ್ದಲ್ಲಿ. ಔಷಧಕ್ಕೆ ಮೊದಲು ಗುಡ್ಡೆಗಳನ್ನು ಹರಡಿ ನೋಡಿ.

## ಹಂತ 8: ಇಂಗಾಲ ಹೆಚ್ಚಿತೇ ಎಂದು ಅಳೆಯಿರಿ

ಒಂದೇ ವರ್ಷಕ್ಕೆ ಪರೀಕ್ಷೆ ಮಾಡಿಸಿ ನಿರಾಶರಾಗುವವರು ಈ ಲೆಕ್ಕ ನೋಡಬೇಕು. ಒಂದು ಎಕರೆಯಲ್ಲಿ 15 ಸೆಂಟಿಮೀಟರ್ ಆಳದವರೆಗಿನ ಮಣ್ಣು, ಘನ ಸೆಂಟಿಮೀಟರಿಗೆ 1.3 ಗ್ರಾಂ ಸಾಂದ್ರತೆಯಲ್ಲಿ, ಸುಮಾರು 790 ಟನ್ ತೂಗುತ್ತದೆ. ಸಾವಯವ ಇಂಗಾಲ ಶೇ 0.50ರಿಂದ 0.60ಕ್ಕೆ ಏರಬೇಕಾದರೆ ಅದರಲ್ಲಿ 790 ಕಿಲೋ ಇಂಗಾಲ ಹೊಸದಾಗಿ ನಿಲ್ಲಬೇಕು. ಎರಡು ಟನ್ ಹುಲ್ಲಿನಲ್ಲಿರುವುದು 800 ಕಿಲೋ. ಅದರಲ್ಲಿ ಹೆಚ್ಚಿನದು ಸೂಕ್ಷ್ಮಜೀವಿಗಳ ಉಸಿರಾಗಿ ಗಾಳಿಗೆ ಹೋಗುತ್ತದೆ. ಶೇ 10ರಿಂದ 15 ಉಳಿಯಿತೆಂದು ಹಿಡಿದರೂ ವರ್ಷಕ್ಕೆ 80ರಿಂದ 120 ಕಿಲೋ. ಅಂದರೆ ವರ್ಷಕ್ಕೊಮ್ಮೆ ಹುಲ್ಲು ಸೇರಿಸುವ ಹೊಲದಲ್ಲಿ ಆ ಏರಿಕೆಗೆ ಏಳರಿಂದ ಹತ್ತು ವರ್ಷ. ಉಳುಮೆಯಿಂದ ಹಳೆಯ ಇಂಗಾಲ ಕರಗುತ್ತಿದ್ದರೆ ಇನ್ನೂ ನಿಧಾನ. ಎರಡೇ ವರ್ಷದಲ್ಲಿ ಇಂಗಾಲ ಇಮ್ಮಡಿ ಎನ್ನುವವರಿಗೆ ಈ ಲೆಕ್ಕ ತೋರಿಸಿ.

ಹುಲ್ಲು ಸೇರಿಸುವ ಮೊದಲೇ ಒಂದು ಮಾದರಿ ತೆಗೆದಿಡಿ. ಅದಿಲ್ಲದೆ ಮುಂದಿನ ಯಾವ ಅಂಕಿಗೂ ಅರ್ಥವಿಲ್ಲ. ಮೇಲಿನ ಹುಲ್ಲು ಸರಿಸಿ, ಎಕರೆಯ ಹತ್ತರಿಂದ ಹದಿನೈದು ಕಡೆ 0–15 ಮತ್ತು 15–30 ಸೆಂಟಿಮೀಟರ್ ಪದರಗಳನ್ನು ಬೇರೆ ಬೇರೆ ತೆಗೆದು, ಪದರವಾರು ಬೆರೆಸಿ ತಲಾ ಅರ್ಧ ಕಿಲೋ ಉಳಿಸಿಕೊಳ್ಳಿ. ಹುಲ್ಲಿನ ಚೂರುಗಳನ್ನು ಜರಡಿ ಹಿಡಿದು ತೆಗೆಯಿರಿ, ಅವು ಸೇರಿಕೊಂಡರೆ ಫಲಿತಾಂಶ ಸುಳ್ಳೇ ಹೆಚ್ಚಾಗಿ ಬರುತ್ತದೆ. ಮುಂದಿನ ಪರೀಕ್ಷೆ ಮೂರು ವರ್ಷದ ಮೇಲೆ, ಅದೇ ತಿಂಗಳಲ್ಲಿ, ಅದೇ ಆಳದಲ್ಲಿ, ಅದೇ ಪ್ರಯೋಗಾಲಯದಲ್ಲಿ, ಅದೇ ವಿಧಾನದಲ್ಲಿ ಆಗಬೇಕು. ಮೊದಲ ಮಾದರಿಯ ಒಂದು ಹಿಡಿಯನ್ನು ನೆರಳಲ್ಲಿ ಒಣಗಿಸಿ, ದಿನಾಂಕ ಬರೆದ ಬಾಟಲಿಯಲ್ಲಿ ಮುಚ್ಚಿಡಿ. ಮೂರು ವರ್ಷದ ಮೇಲೆ ಹೊಸ ಮಾದರಿಯ ಜೊತೆಗೇ ಅದನ್ನೂ ಕಳುಹಿಸಿದರೆ ಏರಿದ್ದು ಇಂಗಾಲವೋ, ಪ್ರಯೋಗಾಲಯದ ಅಳತೆಯೋ ಎಂಬ ಅನುಮಾನ ಉಳಿಯುವುದಿಲ್ಲ.